ನನ್ನ ಜೋಬಿನಲ್ಲಿದ್ದ ಮೂರು ಫ್ಯೂಸು

ಹಿರೀಸಾವೆಯ ರಸ್ತೆ ಬದಿಯ ಹೋಟೆಲಿನಲ್ಲಿ ನಾನು ದೋಸೆ ತಿನ್ನುತ್ತಿದ್ದಾಗ ನಮ್ಮ ಹಳೆಯ ಮೇಸ್ತ್ರಿ ಬೆಂಗಳೂರು ಬಸ್ಸಿನಿಂದ ಇಳಿದು ಬಂದರು. ಏಳು ವರ್ಷದ ಹಿಂದೆ ನಾನು ಅರಕಲಗೂಡಿನಲ್ಲಿ ಲೈನ್‌ಮನ್ ಆಗಿದ್ದಾಗ, ಹಳ್ಳಿಗಳಿಗೆ ಕರೆಂಟು ಎಳೆಯುತ್ತಿದ್ದ ನಮ್ಮ ಗ್ಯಾಂಗಿಗೆ ಅವರೇ ಮೇಸ್ತ್ರಿ. ಎದುರಿಗೆ ಕೂತು, ಕಾಫಿಗೆ ಹೇಳಿ, ಸ್ವಲ್ಪ ಹೊತ್ತು ನನ್ನ ತಟ್ಟೆಯನ್ನೇ ನೋಡುತ್ತಿದ್ದರು.

"ನಿಂಗೆ ಸುದ್ದಿ ಬಂತೇನಪ್ಪ?" ಎಂದರು.

"ಯಾವ ಸುದ್ದಿ?"

"ನಿಮ್ಮಣ್ಣ ಓಗ್ಬುಟ್ಟ ಕಣಪ್ಪ. ತಿಂಗಳ ಮೇಲಾಯ್ತು. ಜ್ವರ ಅಂತ ಮಲಗ್ದೋನು ನಾಕನೇ ದಿನಕ್ಕೆ ಓದ. ತಿಥಿನೂ ಆಯ್ತು. ನಿಂಗೆ ಯಾರಾದ್ರೂ ಕಾಗದ ಆಕಿರ್ತಾರೆ ಅಂದ್ಕೊಂಡಿದ್ದೆ."

ನನಗೆ ಒಡಹುಟ್ಟಿದ ಅಣ್ಣ ಇಲ್ಲ. ಅದು ಮೇಸ್ತ್ರಿಗೂ ಗೊತ್ತು. ಆ ಗ್ಯಾಂಗಿನಲ್ಲಿ ‘ನಿಮ್ಮಣ್ಣ’ ಅಂದರೆ ಒಬ್ಬರೇ, ನನ್ನ ಜೊತೆ ಕೆಲಸ ಮಾಡುತ್ತಿದ್ದ ಹಿರಿಯ ಲೈನ್‌ಮನ್. ತಲೆ ತಗ್ಗಿಸಿಕೊಂಡು ಉಳಿದ ದೋಸೆಯನ್ನು ಚಟ್ನಿ ಸಮೇತ ತಿಂದು ಮುಗಿಸಿದೆ. ಯಾಕೆ ತಿಂದೆ ಅಂತ ಕೇಳಿದರೆ ಇವತ್ತಿಗೂ ಹೇಳಲಾರೆ. ಮೇಸ್ತ್ರಿ ನನ್ನನ್ನು ಕಲ್ಲು ಮನಸ್ಸಿನವನು ಅಂದುಕೊಂಡಿರಬೇಕು. ಕೈ ತೊಳೆಯುವ ಬಚ್ಚಲಿಗೆ ಹೋದೆ. ನಲ್ಲಿ ತಿರುಗಿಸಿ ಎಡಗೈ ಒಡ್ಡಿದವನು ಹಾಗೇ ನಿಂತುಬಿಟ್ಟೆ. ನೀರು ಅಂಗೈ ತುಂಬಿ ಚೆಲ್ಲುತ್ತಿತ್ತು, ನನಗೆ ಕೈ ಹಿಂದಕ್ಕೆ ತೆಗೆಯಬೇಕೆಂದೇ ಹೊಳೆಯಲಿಲ್ಲ. ಹಿಂದೆ ನಿಂತಿದ್ದ ಡ್ರೈವರೊಬ್ಬ ಬೈದ ಮೇಲೆ ಈಚೆಗೆ ಬಂದೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಏಳು ವರ್ಷ ಬಾಯಲ್ಲಿ ಎತ್ತದ ಹೆಸರನ್ನು ಸತ್ತ ಮೇಲೆ ಕಾಗದದ ಮೇಲೆ ಬರೆಯುವ ಯೋಗ್ಯತೆ ನನಗಿಲ್ಲ. ಅಣ್ಣ ಅಂತ ಕರೆಯುತ್ತಿದ್ದೆ, ಹಾಗೇ ಬರೆಯುತ್ತೇನೆ.

ಕಟ್ಟುಮಸ್ತಾದ ಆಳೇನಲ್ಲ. ಸಣಕಲು ಮೈ, ಉದ್ದ ತೋಳು, ಮೊಣಕಾಲಿನವರೆಗಿನ ಖಾಕಿ ಚಡ್ಡಿ. ಕಂಬ ಹತ್ತುವ ಮುಂಚೆ ಚಪ್ಪಲಿ ಬಿಟ್ಟು, ಜೋಡಿಸಿಟ್ಟು, ಬಾಯಲ್ಲಿದ್ದ ಎಲೆಅಡಿಕೆಯನ್ನು ದೂರ ಹೋಗಿ ಉಗಿದು ಬರುತ್ತಿದ್ದರು. ಕಂಬದ ಬುಡದಲ್ಲಿ ಮಾತ್ರ ಉಗಿಯುತ್ತಿರಲಿಲ್ಲ. ಯಾರಾದರೂ ಉಗಿದರೆ ಮುಖ ಸಿಂಡರಿಸಿಕೊಳ್ಳುತ್ತಿದ್ದರೇ ಹೊರತು ಬೈಯುತ್ತಿರಲಿಲ್ಲ. ಜೋರಾಗಿ ಮಾತಾಡಿದ್ದನ್ನು ನಾನು ಕೇಳಿಲ್ಲ. ಕಂಬದ ಮೇಲಿಂದ ಹಗ್ಗ ಕೇಳುವುದಿದ್ದರೂ ಕೂಗುತ್ತಿರಲಿಲ್ಲ. ಕಟಿಂಗ್ ಪ್ಲೇಯರಿನಿಂದ ಕಂಬಕ್ಕೆ ಎರಡು ಸಲ ಟಕ್ ಟಕ್ ಅಂತ ಕುಟ್ಟುತ್ತಿದ್ದರು. ಅದು ನನಗೆ ಮಾತ್ರ ಗೊತ್ತಿದ್ದ ಭಾಷೆ ಅಂತ ನಾನು ಬೀಗುತ್ತಿದ್ದೆ. ನಿಜವಾಗಿ ಗ್ಯಾಂಗಿನ ಎಲ್ಲರಿಗೂ ಗೊತ್ತಿತ್ತು.

ಆಗೆಲ್ಲ ಬಿದಿರಿನ ಏಣಿ. ಎರಡಾಳು ಉದ್ದ. ಅದನ್ನು ಇಬ್ಬರು ಹೆಗಲ ಮೇಲೆ ಹೊತ್ತು ಊರಿಂದೂರಿಗೆ ನಡೆಯಬೇಕು. ಏಣಿ ಹೊತ್ತವರಿಗೆ ಗೊತ್ತು, ಹಿಂದಿನವನಿಗೆ ಭಾರ ಹೆಚ್ಚು, ತಿರುವಿನಲ್ಲಿ ಓಲಾಟವೆಲ್ಲ ಅವನ ಹೆಗಲಿಗೇ. ಅಣ್ಣ ಯಾವಾಗಲೂ ಹಿಂದೆ. ನಾನು ಅವರಿಗಿಂತ ಎಂಟು ವರ್ಷ ಚಿಕ್ಕವನು, ಮೈಯಲ್ಲಿ ಕಸುವಿದ್ದವನು. ಒಂದು ದಿನ ನಾಚಿಕೆಯಾಗಿ, "ಅಣ್ಣ, ಇವತ್ತು ನಾನು ಹಿಂದೆ ಬರ್ತೀನಿ" ಅಂದೆ.

"ಬ್ಯಾಡ ಕಣ್ಲಾ. ಮುಂದಿರೋನು ದಾರಿ ನೋಡ್ಲಿ. ಇಂದಿರೋನು ಮುಂದಿರೋನ್ನ ನೋಡ್ತಾನೆ" ಅಂದರು.

"ನನ್ನೇನು ನೋಡ್ತೀರಿ ನೀವು?"

"ಎಲ್ ಎಡವ್ತೀಯ ಅಂತ."

ಗ್ಯಾಂಗಿನವರೆಲ್ಲ ನಕ್ಕರು. ನಾನೂ ನಕ್ಕೆ.

ಈಗ ಫ್ಯೂಸಿನ ವಿಷಯ ಹೇಳಬೇಕು. ಊರಿಗೆ ಒಂದು ಟ್ರಾನ್ಸ್‌ಫಾರ್ಮರು, ಅದರ ಕೆಳಗೆ ಮೂರು ಪಿಂಗಾಣಿ ಫ್ಯೂಸು. ಬಿಳಿಯವು, ಒಂದೊಂದು ಹಿಡಿ ಗಾತ್ರ. ಅವನ್ನು ಕಿತ್ತರೆ ಊರಿನ ತಂತಿಗಳಲ್ಲಿ ಕರೆಂಟಿಲ್ಲ, ಆಮೇಲೆ ಕಂಬ ಹತ್ತಬಹುದು. ಎಲ್ಲ ಲೈನ್‌ಮನ್ನರೂ ಕಿತ್ತ ಫ್ಯೂಸನ್ನು ತಮ್ಮ ಚೀಲದಲ್ಲೇ ಹಾಕಿಕೊಂಡು ಹತ್ತುತ್ತಿದ್ದರು. ಜೀವ ತಮ್ಮದು, ಬೀಗದ ಕೈಯೂ ತಮ್ಮ ಹತ್ತಿರ ಇರಲಿ ಅಂತ. ಅಣ್ಣ ಮಾತ್ರ ಮೂರನ್ನೂ ಕಿತ್ತು ನನ್ನ ಕೈಗೆ ಕೊಟ್ಟು, ಟ್ರಾನ್ಸ್‌ಫಾರ್ಮರ್ ಹತ್ತಿರ ನಿಲ್ಲಿಸಿ ಹೋಗುತ್ತಿದ್ದರು.

ಮೊದಲ ಸಲ ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. "ನಿಮ್ಮ ಹತ್ರಾನೇ ಇರಲಿ ಅಣ್ಣ" ಅಂದೆ.

"ಫ್ಯೂಸ್ ನನ್ ಚೀಲದಲ್ಲಿದ್ರೆ, ಇಲ್ಲಿ ಕಾಯೋನಿಗೆ ಕೆಲಸ ಏನದೆ? ತೂಕಡಿಸ್ತಾನೆ. ಅವಾಗ ಯಾವನೋ ಇಟ್ಟಿನ ಮಿಲ್ಲಿನೋನು ಬಂದು ಫ್ಯೂಸ್ ಜಾಗಕ್ಕೆ ತಂತಿ ಸಿಕ್ಸಿ ಓದ್ರೆ ನಾನು ಮ್ಯಾಲೆ ಬೆಂದೆ. ನಿನ್ ಜೋಬಲ್ಲಿದ್ರೆ ನಿಂಗೆ ನಿದ್ದೆ ಬರಾಕಿಲ್ಲ."

ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಅದು ಬರೀ ಲೆಕ್ಕವಲ್ಲ ಅನ್ನುವುದು ಜೋಬಿನಲ್ಲಿ ಆ ಭಾರ ಇಟ್ಟುಕೊಂಡು ನಿಂತ ನನಗೆ ಗೊತ್ತಾಗುತ್ತಿತ್ತು. ನನ್ನನ್ನು ಅಲ್ಲಿಯವರೆಗೆ ಯಾರೂ ಅಷ್ಟು ನಂಬಿರಲಿಲ್ಲ. ನಮ್ಮಪ್ಪ ಅಂಗಡಿಯ ಬೀಗದ ಕೈಯನ್ನೂ ನನಗೆ ಕೊಡುತ್ತಿರಲಿಲ್ಲ.

ಅದಕ್ಕೊಂದು ಕಟ್ಟಳೆಯನ್ನೂ ಅಣ್ಣ ಹಾಕಿದ್ದರು. "ನಾನೇ ಬಂದು ಕೈ ಚಾಚೋವರ್ಗೂ ಅವು ನಿನ್ ಜೋಬಿಂದ ಈಚೆಗೆ ಬರ್ಬಾರ್ದು. ಯಾರ್ ಬಂದ್ ಯೋಳಿದ್ರೂ ಕೇಳ್ಬ್ಯಾಡ. ನಮ್ಮಪ್ಪ ಎದ್ದು ಬಂದ್ ಯೋಳಿದ್ರೂ ಕೇಳ್ಬ್ಯಾಡ." ಕೆಲಸ ಮುಗಿದ ಮೇಲೆ ಅವರೇ ಇಳಿದು, ಎಷ್ಟು ದೂರವಿದ್ದರೂ ನಡೆದು ಬಂದು, ಎಡಗೈ ಅಂಗೈಯನ್ನು ನನ್ನ ಮುಂದೆ ಬಿಚ್ಚಿ ಹಿಡಿಯುತ್ತಿದ್ದರು. ಬಾಯಲ್ಲಿ ಮಾತಿಲ್ಲ. ನಾನು ಒಂದೊಂದೇ ಫ್ಯೂಸನ್ನು ಆ ಅಂಗೈ ಮೇಲೆ ಇಡಬೇಕು. ಮೂರಾದ ಮೇಲೆ ಒಮ್ಮೆ ನನ್ನ ಮುಖ ನೋಡಿ ಕಣ್ಣಲ್ಲೇ ನಗುತ್ತಿದ್ದರು. ಮೂರು ವರ್ಷದಲ್ಲಿ ಆ ಅಂಗೈಯನ್ನು ನಾನು ಎಷ್ಟು ಸಲ ನೋಡಿದೆನೋ ಏನೋ. ಅದರ ಗೀರುಗಳೆಲ್ಲ ನನಗೆ ಬಾಯಿಪಾಠವಾಗಿದ್ದವು.

ಊಟದ ವಿಷಯದಲ್ಲೂ ಅವರ ದಾರಿ ಬೇರೆ. ನಾವು ಜೈನರು, ಚನ್ನರಾಯಪಟ್ಟಣದ ಕಡೆಯವರು. ಹೊತ್ತು ಮುಳುಗಿದ ಮೇಲೆ ಊಟವಿಲ್ಲ ಅನ್ನುವುದು ಮನೆಯ ನೇಮ. ಗ್ಯಾಂಗಿನಲ್ಲಿ ಅದೊಂದು ತಮಾಷೆಯಾಗಿತ್ತು. ಸಂಜೆಯಾದರೆ ಸಾಕು, "ಸ್ವಾಮಿಗಳಿಗೆ ಒತ್ತಾಯ್ತು" ಅಂತ ರೇಗಿಸುವವರು. ಅಣ್ಣ ರೇಗಿಸಲಿಲ್ಲ. ಸಂಜೆ ಬಿಸಿಲು ಹಳದಿಗೆ ತಿರುಗಿತೋ ಇಲ್ಲವೋ, ಮೇಲಿಂದ ಒಮ್ಮೆ ಪಡುವಣಕ್ಕೆ ನೋಡಿ ಕೈ ಬೇಗ ಆಡಿಸುತ್ತಿದ್ದರು. ಅವರ ಮನೆ ಅರಕಲಗೂಡಿನ ಅಂಚಿನಲ್ಲಿ. ಅಲ್ಲಿಗೆ ಹೋದ ದಿನ ಅತ್ತಿಗೆಗೆ, ಅಂದರೆ ಅವರ ಹೆಂಡತಿಗೆ, ಹೊಸಿಲಿನಿಂದಲೇ ಹೇಳುತ್ತಿದ್ದರು, "ಮೊದ್ಲು ಇವ್ನಿಗಿಕ್ಕು, ನಾನು ಕತ್ಲಾದ್ಮ್ಯಾಲೂ ತಿಂತೀನಿ." ಅವರ ಮನೆಯಲ್ಲಿ ಬಾಡು ಬೇಯಿಸುತ್ತಿದ್ದರು. ಅದಕ್ಕೇ ಅತ್ತಿಗೆ ಒಂದು ಹೊಸ ಮಡಕೆ ತಂದು, ಬಾಡಿನ ಸೋಂಕಿಲ್ಲದೆ ನನಗೆಂದೇ ಬೇರೆ ಇಟ್ಟಿದ್ದರು. ನಾನು ಕೇಳಿರಲಿಲ್ಲ. ನನ್ನ ತಾಯಿಗೆ ನಾನು ಆ ಮನೆಯಲ್ಲಿ ಉಣ್ಣುವುದೇ ಗೊತ್ತಿರಲಿಲ್ಲ.

ಇಷ್ಟು ಒಳ್ಳೆಯವರ ಜೊತೆ ಬಾಳುವುದು ಸುಲಭ ಅಂತ ಯಾರೂ ತಿಳಿಯಬೇಡಿ. ಅಣ್ಣನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಬೇಡ ಅನ್ನುವ ಹಟವಲ್ಲ, ಬರುತ್ತಿರಲಿಲ್ಲ ಅಷ್ಟೆ, ಕೆಲವರಿಗೆ ಸಿಳ್ಳೆ ಹೊಡೆಯಲು ಬಾರದ ಹಾಗೆ. ಒಮ್ಮೆ ನಾವು ಹೊಳೆನರಸೀಪುರದಲ್ಲಿ ಲೈನ್ ರಿಪೇರಿಗೆ ಹೋಗಿದ್ದೆವು. ಅಲ್ಲಿ ನನಗೊಂದು ಹೆಣ್ಣು ನೋಡಿದ್ದರು. ನನಗೂ ಹುಡುಗಿ ಒಪ್ಪಿಗೆ, ಸುಳ್ಳೇಕೆ, ಮೂರು ದಿನದಿಂದ ಅದೇ ಧ್ಯಾನ. ಹುಡುಗಿಯ ತಂದೆ ಕೆಲಸದ ಜಾಗಕ್ಕೇ ಬಂದು, ನಾನಿಲ್ಲದಾಗ ಅಣ್ಣನನ್ನು ವಿಚಾರಿಸಿದರಂತೆ. ಮಾರನೇ ದಿನ ಆ ಸಂಬಂಧ ಬೇಡ ಅಂತ ಹೇಳಿ ಕಳಿಸಿದರು.

ನಾನು ಕೆಂಡವಾಗಿ ಹೋಗಿ, "ಏನು ಹೇಳಿದ್ರಿ ಅವರಿಗೆ?" ಅಂದೆ.

"ಕೇಳಿದ್ರು, ಯೋಳ್ದೆ. ಒಳ್ಳೆ ಉಡುಗ, ಕುಡಿಯಾಕಿಲ್ಲ, ಕದಿಯಾಕಿಲ್ಲ ಅಂದೆ."

"ಆಮೇಲೆ?"

"ಆತ್ರ ವಸಿ ಜಾಸ್ತಿ ಅಂದೆ."

"ಅದನ್ನ ಯಾಕೆ ಹೇಳಬೇಕಿತ್ತು ಅಣ್ಣ!"

ಅವರು ನಿಜವಾಗಿಯೂ ತಬ್ಬಿಬ್ಬಾದರು. "ಆತ್ರ ಇಲ್ವಾ ನಿಂಗೆ?" ಅಂತ ನನ್ನನ್ನೇ ಕೇಳಿದರು. ನಾನು ಎರಡು ದಿನ ಮಾತು ಬಿಟ್ಟೆ. ಮೂರನೇ ದಿನ ಬುತ್ತಿ ಬಿಚ್ಚುವಾಗ, ತಮ್ಮ ರಾಗಿಮುದ್ದೆಯನ್ನು ಎರಡು ಮಾಡಿ ದೊಡ್ಡ ತುಂಡನ್ನು ನನ್ನ ಕಡೆ ತಳ್ಳಿದರು. ನನ್ನ ಸಿಟ್ಟು ಇಳಿಯಿತು. ಆ ಮುದ್ದೆಯ ಜೊತೆಗಿದ್ದ ಉಪ್ಪೆಸರಿನ ಘಮ ಅಂಥದ್ದು.

ಆತುರ ನನಗಿತ್ತು. ಅವರು ನನ್ನ ಬಗ್ಗೆ ಹೇಳಿದ ಯಾವುದೂ ಸುಳ್ಳಾಗಲಿಲ್ಲ.

ಮಲ್ಲಿಪಟ್ಟಣದ ಆಚೆ ಒಂದು ಹಳ್ಳಿ. ಹೊಸದಾಗಿ ಕರೆಂಟು ಬಂದಿತ್ತು. ಉಳಿದ ಮನೆಗಳಿಗೆ ತಂತಿ ಕೊಡುವ ಕೆಲಸಕ್ಕೆ ನಾವಿಬ್ಬರೇ ಹೋಗಿದ್ದೆವು. ಟ್ರಾನ್ಸ್‌ಫಾರ್ಮರು ಊರ ಮುಂದೆ, ಪಟೇಲರ ಮನೆಯ ಪಕ್ಕ. ಅಣ್ಣ ಕೆಲಸ ಮಾಡುತ್ತಿದ್ದ ಕಂಬಗಳು ಬೀದಿ ತಿರುವಿನ ಆಚೆಗೆ, ನನ್ನ ಕಣ್ಣಿಗೆ ಕಾಣುತ್ತಿರಲಿಲ್ಲ. ಮೂರು ಫ್ಯೂಸು ನನ್ನ ಜೋಬಿನಲ್ಲಿದ್ದವು.

ಆ ಸಂಜೆ ಅರಕಲಗೂಡಿನ ಟೆಂಟಿನಲ್ಲಿ ಹೊಸ ಸಿನಿಮಾ ಬಂದಿತ್ತು. ಐದೂವರೆಯ ಬಸ್ಸು ಸಿಕ್ಕಿದರೆ ಮೊದಲ ಆಟ. ಗೆಳೆಯರಿಗೆ ಬರುತ್ತೇನೆಂದು ಹೇಳಿದ್ದೆ. ಇಷ್ಟೇ. ಇದಕ್ಕಿಂತ ದೊಡ್ಡ ಕಾರಣ ಯಾವುದೂ ಇರಲಿಲ್ಲ ಅನ್ನುವುದನ್ನು ಬರೆಯಲು ನನಗೆ ಏಳು ವರ್ಷ ಬೇಕಾಯಿತು. ಹಸಿವು ಅನ್ನಲೂ ಆಗುವುದಿಲ್ಲ. ನಾಲ್ಕು ಗಂಟೆಗೇ ಪಟೇಲರ ಮನೆಯಲ್ಲಿ ಅವಲಕ್ಕಿ ಮೊಸರು ಕೊಟ್ಟಿದ್ದರು, ಹೊಟ್ಟೆ ತುಂಬಿತ್ತು.

ಐದರ ಹೊತ್ತಿಗೆ ಪಟೇಲರು ಆ ಬೀದಿಯಿಂದ ಬಂದರು. "ನಿಮ್ಮೋನು ಇಳಿದವ್ನೆ ಕಣಪ್ಪ. ಬಾವಿ ತಾವ ನೀರು ಕುಡೀತಾ ಅವ್ನೆ" ಅಂದರು. ಅವರು ಸುಳ್ಳು ಹೇಳಲಿಲ್ಲ. ಅಣ್ಣ ಇಳಿದಿದ್ದರು, ನೀರು ಕುಡಿದಿದ್ದರು. ಕುಡಿದು, ಉಳಿದಿದ್ದ ಇನ್ನೊಂದು ಕಂಬಕ್ಕೆ ಏಣಿ ಸರಿಸಿ ಹತ್ತಿದ್ದರು. ಅಷ್ಟನ್ನು ಪಟೇಲರು ನೋಡಿರಲಿಲ್ಲ.

ನಾನು ಜೋಬಿಗೆ ಕೈ ಹಾಕಿದೆ. ನಮ್ಮಪ್ಪ ಎದ್ದು ಬಂದು ಹೇಳಿದರೂ ಕೇಳಬೇಡ ಅಂತ ಅಣ್ಣ ಅಂದದ್ದು ನೆನಪಿಗೆ ಬರಲಿಲ್ಲವೇ ಅಂದರೆ, ಬಂತು. ಅಣ್ಣ ನಡೆದು ಬರುವುದರೊಳಗೆ ಫ್ಯೂಸು ಹಾಕಿ, ಸಾಮಾನು ಕಟ್ಟಿ ಮುಗಿಸಿದ್ದರೆ ಬಸ್ಸು ಸಿಗುತ್ತದೆ ಅನ್ನಿಸಿತು. ಮೊದಲನೆಯದು ಹಾಕಿದೆ. ಏನೂ ಆಗಲಿಲ್ಲ. ಎರಡನೆಯದು ಸಿಕ್ಕಿಸಿದೆ. ಆ ಬೀದಿಯಿಂದ ಹೆಂಗಸೊಬ್ಬಳು ಚೀರಿದಳು.

ಆಮೇಲಿನದನ್ನು ಉದ್ದ ಬರೆಯುವ ಶಕ್ತಿ ನನಗಿಲ್ಲ. ಅಣ್ಣನ ಬಲಗೈ ಸುಟ್ಟಿತ್ತು. ಕಂಬದಿಂದ ಬಿದ್ದು ಕಾಲು ಮುರಿದಿತ್ತು. ಗಾಡಿಯಲ್ಲಿ ಹಾಕಿಕೊಂಡು ರಸ್ತೆಗೆ ಬಂದು, ಲಾರಿ ಹಿಡಿದು ಹಾಸನದ ಆಸ್ಪತ್ರೆಗೆ ಸೇರಿಸಿದೆವು. ದಾರಿಯಲ್ಲಿ ಎಚ್ಚರವಿದ್ದಷ್ಟು ಹೊತ್ತೂ ಅವರು ನನ್ನನ್ನು ಏನೂ ಕೇಳಲಿಲ್ಲ. ಬಲಗೈ ಬೆರಳುಗಳನ್ನು ಡಾಕ್ಟರು ಉಳಿಸಲು ಆಗಲಿಲ್ಲ.

ಇಲಾಖೆಯ ವಿಚಾರಣೆ ಹಾಸನದಲ್ಲಿ ಅಂತ ಗೊತ್ತಾಯಿತು. ನನ್ನ ಕೆಲಸ ಹೋಗುವುದು ಖಂಡಿತ ಅಂತ ಎಲ್ಲರೂ ಮಾತಾಡಿಕೊಂಡರು. ಮೇಸ್ತ್ರಿ ಆಸ್ಪತ್ರೆಗೆ ಹೋಗಿ ಅಣ್ಣನಿಗೆ ಹೇಳಿದರಂತೆ, "ನಾನೇ ಮ್ಯಾಲಿಂದ ಆಕು ಅಂತ ಕೂಗ್ದೆ ಅಂದ್ಬುಡು. ಅವನ ಕೆಲಸ ಉಳೀತದೆ." ವಾಪಸು ಬಂದು ನನಗೆ, "ತಲೆ ಆಡಿಸ್ದ ಕಣಪ್ಪ, ಎದುರ್ಕೋಬ್ಯಾಡ" ಅಂದರು. ನಾನು ಆಸ್ಪತ್ರೆಗೆ ಹೋಗಿದ್ದೆ, ಆದರೆ ವಾರ್ಡಿನ ಬಾಗಿಲಲ್ಲಿ ನಿಂತು, ಅವರು ಮಲಗಿರುವುದನ್ನು ನೋಡಿ ಹಿಂದಿರುಗಿದ್ದೆ. ಅವರ ಬಾಯಿಂದ ಕೇಳದೆ ಇನ್ನೊಬ್ಬರು ಬಂದು ಹೇಳಿದ್ದನ್ನು ನಂಬಿ ಒಮ್ಮೆ ಅವರ ಕೈ ಸುಟ್ಟವನು, ಹದಿನೈದು ದಿನದೊಳಗೆ ಮತ್ತೆ ಅದನ್ನೇ ಮಾಡಿದೆ.

ವಿಚಾರಣೆಯಲ್ಲಿ ಮೊದಲು ನನ್ನನ್ನು ಕರೆದರು. ಇಂಜಿನಿಯರ್ ಸಾಹೇಬರ ಎದುರು ನಿಂತು, "ಹಾಕು ಅಂತ ಕೂಗಿದ್ದು ಕೇಳಿಸ್ತು ಸಾರ್" ಅಂದೆ. ನನ್ನ ಹೇಳಿಕೆ ಬರೆದುಕೊಂಡು ಆಚೆ ಕೂರಿಸಿದರು. ಆಮೇಲೆ ಅಣ್ಣ ಬಂದರು. ಕಂಕುಳಲ್ಲಿ ಊರುಗೋಲು, ಬಲಗೈಗೆ ಮೊಣಕೈವರೆಗೆ ಬ್ಯಾಂಡೇಜು, ಹಿಡಿದುಕೊಳ್ಳಲು ಜೊತೆಗೆ ಅತ್ತಿಗೆ. ನನ್ನ ಮುಂದೆಯೇ ಹಾದು ಒಳಗೆ ಹೋದರು. ನಾನು ತಲೆ ಎತ್ತಲಿಲ್ಲ. ಬಾಗಿಲು ಅರ್ಧ ತೆರೆದಿತ್ತು.

"ಫ್ಯೂಸ್ ಯಾರ ಹತ್ತಿರ ಇತ್ತು?"

"ಅವನತ್ರ ಇತ್ತು ಸಾ."

"ಹಾಕು ಅಂತ ನೀನು ಕೂಗಿದೆಯಂತೆ?"

"ಇಲ್ಲ ಸಾ. ನಾನು ಕೂಗ್ನಿಲ್ಲ."

ನಾನು ಎದ್ದುಬಿಟ್ಟೆ. ಮುಂದಿನದನ್ನು ಕೇಳಲು ನಿಲ್ಲಲಿಲ್ಲ. ಅಂಗಳ ದಾಟಿ, ಗೇಟು ದಾಟಿ, ಬಿಸಿಲಲ್ಲಿ ಬಸ್ ಸ್ಟ್ಯಾಂಡಿನವರೆಗೆ ನಡೆದೆ. ನನ್ನ ಬಾಯಿಂದ ಬಂದ ಸುಳ್ಳನ್ನು ಎಲ್ಲರ ಮುಂದೆ ಬಿಚ್ಚಿಟ್ಟರಲ್ಲ, ಒಂದು ಮಾತು, ಒಂದೇ ಒಂದು ಮಾತು ನನಗಾಗಿ ಆಡಲಾಗಲಿಲ್ಲವಲ್ಲ ಅನ್ನಿಸಿತು. ಕೈ ಕಳೆದುಕೊಂಡವರು ಅವರು, ಮೋಸ ಹೋದವನು ನಾನು ಅಂದುಕೊಂಡೆ. ಮನುಷ್ಯನ ಮನಸ್ಸು ಎಂಥ ಹೊಲಸು ನೋಡಿ.

ಕೆಲಸ ಹೋಗಲಿಲ್ಲ. ಆರು ತಿಂಗಳು ಅಮಾನತ್ತಿನಲ್ಲಿಟ್ಟು, ಚನ್ನರಾಯಪಟ್ಟಣದ ಕಡೆಗೆ ವರ್ಗ ಮಾಡಿ ಹಿರೀಸಾವೆಗೆ ಹಾಕಿದರು. ಸಾಹೇಬರಿಗೇ ಕನಿಕರ ಬಂದಿರಬೇಕು ಅಂದುಕೊಂಡೆ. ಅಣ್ಣನಿಗೆ ಅರಕಲಗೂಡಿನಲ್ಲೇ ಸಾಮಾನು ಕಾಯುವ ಕೆಲಸ ಕೊಟ್ಟರಂತೆ. ನಾನು ಅರಕಲಗೂಡಿಗೆ ಹೋಗುವುದನ್ನೇ ಬಿಟ್ಟೆ. ಹೊತ್ತು ಮುಳುಗುವ ಮುಂಚೆ ಉಣ್ಣುವುದನ್ನೂ ಬಿಟ್ಟೆ. ಕತ್ತಲಾದ ಮೇಲೆ ಹೋಟೆಲಿನಲ್ಲಿ ಉಣ್ಣುತ್ತಿದ್ದೆ. ಹೊಸ ಜಾಗದಲ್ಲಿ ನನಗಾಗಿ ಪಡುವಣಕ್ಕೆ ನೋಡುವವರು ಯಾರೂ ಇರಲಿಲ್ಲ.

ಹೊಸ ಜೊತೆಗಾರರು ಬಂದರು, ಹೋದರು. ಒಬ್ಬನೂ ಫ್ಯೂಸನ್ನು ನನ್ನ ಕೈಗೆ ಕೊಡಲಿಲ್ಲ. ಸುದ್ದಿ ನನಗಿಂತ ಮುಂಚೆ ಅಲ್ಲಿಗೆ ಮುಟ್ಟಿತ್ತು. ನಾನೂ ಯಾರ ಕೈಗೂ ಕೊಡಲಿಲ್ಲ. ಚೀಲದಲ್ಲಿ ಹಾಕಿಕೊಂಡೇ ಹತ್ತುತ್ತಿದ್ದೆ. ಅದು ಕ್ಷೇಮ, ನಿಜ. ಆದರೆ ಕಂಬದ ಮೇಲೆ ನಿಂತು ಕೆಳಗೆ ನೋಡಿದರೆ, ಅಲ್ಲಿ ನಿಂತಿರುವವನು ಯಾರಾದರೇನು ಅನ್ನಿಸುವುದಿದೆಯಲ್ಲ, ಅಷ್ಟು ಒಂಟಿ ನಾನು ಎಲ್ಲೂ ಆಗಿರಲಿಲ್ಲ.

ನಡುವೆ ಒಂದು ಸಲ ಅವರನ್ನು ನೋಡಿದೆ. ಮೂರು ವರ್ಷದ ಹಿಂದೆ, ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ, ಮಧ್ಯಾಹ್ನ. ಕುಂಟುತ್ತ ಜನರ ನಡುವೆ ಬರುತ್ತಿದ್ದರು. ತಲೆ ಅರ್ಧ ಬೆಳ್ಳಗಾಗಿತ್ತು. ನನ್ನನ್ನು ನೋಡಿದರು. ಹತ್ತು ಮಾರು ದೂರದಲ್ಲಿ ನಿಂತರು. ಕೂಗಲಿಲ್ಲ. ಎಡಗೈಯನ್ನು ಮುಂದೆ ಚಾಚಿ ಅಂಗೈ ಬಿಚ್ಚಿದರು.

ನಾನು ಮುಖ ತಿರುಗಿಸಿ ಹಿರೀಸಾವೆ ಬಸ್ಸು ಹತ್ತಿದೆ. ಕಿಟಕಿಯ ಕಡೆ ಕೂರಲಿಲ್ಲ. ಕೊಡು ಅಂತ ಕೇಳುತ್ತಿದ್ದಾರೆ, ಕೊಡಲು ನನ್ನಲ್ಲೇನಿದೆ ಅಂತ ಒಳಗೇ ರೇಗಿಕೊಂಡೆ.

ಮೇಸ್ತ್ರಿ ಹೇಳಿದ ಮಾರನೇ ದಿನವೇ ರಜ ಹಾಕಿ ಅರಕಲಗೂಡಿಗೆ ಹೋದೆ. ಹಾಸನದಲ್ಲಿ ಬಸ್ಸು ಬದಲಾಯಿಸಿ ಮುಟ್ಟುವ ಹೊತ್ತಿಗೆ ನಾಲ್ಕೂವರೆ. ಅತ್ತಿಗೆ ಅಂಗಳದಲ್ಲಿ ರಾಗಿ ಕೇರುತ್ತಿದ್ದರು. ನನ್ನನ್ನು ನೋಡಿ ಮೊರ ಕೆಳಗಿಟ್ಟರು. ಅಳಲಿಲ್ಲ. "ಬಾಪ್ಪ. ಕೂತ್ಕೋ" ಅಂದರು. ಏಳು ವರ್ಷ ಎಲ್ಲಿ ಸತ್ತಿದ್ದೆ ಅಂತ ಕೇಳಿದ್ದರೆ ನನಗೆ ಹಗುರವಾಗುತ್ತಿತ್ತು.

ಜ್ವರದ ವಿಷಯ ಹೇಳಿದರು, ಡಾಕ್ಟರ ವಿಷಯ ಹೇಳಿದರು. ನಾನು ಹೂಂಗುಟ್ಟುತ್ತ ಕೂತಿದ್ದೆ. ಕೊನೆಗೆ ತಡೆಯಲಾರದೆ, ಹೇಳಬಾರದ ಕಡೆ, ಹೇಳಬಾರದ ಹೊತ್ತಿನಲ್ಲಿ ನನ್ನ ಏಳು ವರ್ಷದ ಹುಣ್ಣು ಒಡೆಯಿತು. "ಅವತ್ತು ವಿಚಾರಣೇಲಿ ಅಣ್ಣ ನನ್ನ ಪರವಾಗಿ ಒಂದು ಮಾತು ಆಡಲಿಲ್ಲವಲ್ಲ ಅತ್ತಿಗೆ. ಅದೇ ನನಗೆ..."

ಅತ್ತಿಗೆ ನನ್ನನ್ನು ವಿಚಿತ್ರವಾಗಿ ನೋಡಿದರು. "ಒಂದ್ ಮಾತಾ? ನೀನು ಆಚೆ ಬಾಗ್ಲಲ್ಲೇ ಕುಂತಿದ್ದಲ್ಲಪ್ಪ. ಕೇಳಿಸ್ನಿಲ್ವಾ?"

"ಕೂಗ್ನಿಲ್ಲ ಅಂದದ್ದು ಕೇಳಿಸ್ತು. ಎದ್ದು ಹೋದೆ."

"ಅಯ್ಯೋ ನನ್ನಪ್ಪ" ಅಂದರು ಅತ್ತಿಗೆ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತರು. "ನಾನು ಅಲ್ಲೇ ಅವ್ರನ್ನ ಇಡ್ಕೊಂಡು ನಿಂತಿದ್ನಲ್ಲ. ಸಾಯೇಬ್ರು ಬರೆಯಾದು ನಿಲ್ಸಿದ್ರು. ಇವ್ರು ಬುಡ್ನಿಲ್ಲ. ಇನ್ನೊಂದ್ ವಿಸ್ಯ ಬರ್ಕೊಳ್ಳಿ ಸಾ ಅಂದ್ರು. ಇದ್ರಲ್ಲಿ ನಂದೂ ತಪ್ಪು ಅದೆ ಸಾ, ಅವ್ನು ಜೈನರ ಉಡುಗ, ಒತ್ತು ಮುಳುಗೋಕ್ ಮುಂಚೆ ಉಣ್ಬೇಕು. ಅದು ಗೊತ್ತಿದ್ದೂ ನಾನು ಇನ್ನೊಂದ್ ಕಂಬ ಅಂತ ಅತ್ತಿ ತಡ ಮಾಡ್ದೆ. ಅಸ್ದಿದ್ದ, ಆತ್ರ ಬಿದ್ದ. ಕೆಲಸದಿಂದ ತೆಗೀಬ್ಯಾಡಿ ಸಾ ಅಂದ್ರು."

ನಾನು ನೆಲ ನೋಡುತ್ತಿದ್ದೆ.

"ಸಾಯೇಬ್ರು ನಕ್ಕುಬುಟ್ರು. ಅಂಥೋನ್ನ ನಂಬಿ ಇನ್ಯಾರಯ್ಯ ಕಂಬ ಅತ್ತಾರು ಅಂದ್ರು. ಇವ್ರು, ನಾನ್ ಅತ್ತೀನಿ ಸಾ, ಈ ಕೈಲಿ ಆದ್ರೆ, ಕೆಳಗೆ ಅವ್ನೇ ನಿಂತ್ಕಬೇಕು, ಫ್ಯೂಸ್ ಅವ್ನ್ ಕೈಗೇ ಕೊಡೋದು, ಇನ್ಯಾರಿಗೂ ಕೊಡಾಕಿಲ್ಲ ಅಂದ್ರು. ಸಾಯೇಬ್ರು ಆಮ್ಯಾಲೆ ನಗ್ನಿಲ್ಲ."

ಆಚೆ ಯಾರೋ ಎಮ್ಮೆಗಳನ್ನು ಹೊಡೆದುಕೊಂಡು ಹೋದರು. ಅತ್ತಿಗೆ ಮೊರವನ್ನು ಪಕ್ಕಕ್ಕೆ ಸರಿಸಿದರು.

"ನಿನ್ ನೋಡ್ಬೇಕು ಅಂತಾನೇ ಚನ್ನರಾಯಪಟ್ಣಕ್ಕೂ ಓಗಿದ್ರಲ್ಲ, ಆ ಕುಂಟ್‌ಕಾಲಲ್ಲಿ. ಬಂದು, ಸಿಕ್ಕಿದ್ದ ಕಣೆ, ಬಸ್ಸಿಗೆ ಆತ್ರದಲ್ಲಿದ್ದ, ಮಾತಾಡಾಕ್ ಆಗ್ನಿಲ್ಲ ಅಂದ್ರು. ಚೆನ್ನಾಗವ್ನೆ ಅಂದ್ರು."

ಅವತ್ತು ಬಸ್ ಸ್ಟ್ಯಾಂಡಿನಲ್ಲಿ ಅಂಗೈ ಚಾಚಿದ್ದು ಕೇಳಲಿಕ್ಕಲ್ಲ. ಕೆಲಸ ಮುಗಿಯಿತು, ಇಳಿದು ಬಂದಿದ್ದೇನೆ ಅಂತ ಹೇಳಲು ಅವರಿಗೆ ಗೊತ್ತಿದ್ದ ರೀತಿ ಅದೊಂದೇ. ಆ ಖಾಲಿ ಅಂಗೈ ಮೇಲೆ ನಾನು ನನ್ನ ಕೈ ಇಟ್ಟಿದ್ದರೆ ಸಾಕಾಗಿತ್ತು.

ಇನ್ನೂ ಒಂದಿತ್ತು. ಹುಟ್ಟಿದಂದಿನಿಂದ ಸುಳ್ಳಾಡದ ಮನುಷ್ಯ ನನಗಾಗಿ ಆ ವಿಚಾರಣೆಯ ಕಾಗದದಲ್ಲಿ ಬರೆಸಿದ ಕಾರಣ ನಿಜವಲ್ಲ. ಅವರು ನಿಜವೆಂದೇ ನಂಬಿ ಬರೆಸಿದರು. ನಂಬಿಕೊಂಡೇ ಹೋದರು. ಸಾಯುವವರೆಗೂ ನನ್ನನ್ನು ಹಸಿವಿನಿಂದ ತಪ್ಪಿದವನು ಅಂದುಕೊಂಡಿದ್ದರು. ಅದನ್ನಾದರೂ ಅತ್ತಿಗೆಗೆ ಹೇಳಿಬಿಡಬೇಕು ಅನ್ನಿಸಿತು. ಆ ಮನೆಯಲ್ಲಿ ಇನ್ನೂ ಒಂದು ಸುಳ್ಳು ಇಟ್ಟು ಹೋಗಲಾರೆ ಅನ್ನಿಸಿತು.

"ಅತ್ತಿಗೆ, ಅವತ್ತು ನನಗೆ..." ಅಂತ ಶುರು ಮಾಡಿದೆ.

ಅತ್ತಿಗೆ ಅಂಗಳದ ಬಿಸಿಲನ್ನು ನೋಡಿ ಗಡಬಡಿಸಿ ಎದ್ದರು. "ಮಾತು ಆಮ್ಯಾಲೆ ಆಡೀವಂತೆ ಇರು. ಒತ್ತು ಮುಳುಗ್ತಾ ಅದೆ. ನಿನ್ನ ಇಂಗೆ ಉಪ್ವಾಸ ಕೂರ್ಸಿದ್ರೆ ಅವ್ರು ನನ್ನ ಸುಮ್ಕೆ ಬುಡೋರಾ?" ಅನ್ನುತ್ತ ಒಳಗೆ ಹೋದರು. ಅಟ್ಟದಿಂದ ಆ ಮಡಕೆ ಇಳಿಸಿದ ಸದ್ದು, ತೊಳೆದ ಸದ್ದು, ಒಲೆ ಊದಿದ ಸದ್ದು ಕೇಳಿಸಿತು.

ಮುದ್ದೆ ಬಂತು, ಉಪ್ಪೆಸರು ಬಂತು. ಅತ್ತಿಗೆ ಎದುರಿಗೆ ಕೂತು, ನನ್ನ ತಟ್ಟೆಯನ್ನೊಮ್ಮೆ, ಬಾಗಿಲಾಚೆಯ ಬಿಸಿಲನ್ನೊಮ್ಮೆ ನೋಡುತ್ತಿದ್ದರು. "ಬೇಗ ಉಣ್ಣಪ್ಪ, ಇನ್ನೂ ಅದೆ, ಇನ್ನೂ ಒತ್ತು ಅದೆ" ಅನ್ನುತ್ತಿದ್ದರು.

ನಾನು ಆ ನೇಮ ಬಿಟ್ಟು ಏಳು ವರ್ಷವಾಯಿತು ಅಂತ ಹೇಳಲಿಲ್ಲ. ಸಿನಿಮಾದ ಮಾತನ್ನೂ ಹೇಳಲಿಲ್ಲ. ಬಿಸಿಲು ಹೊಸಿಲು ದಾಟುವುದರೊಳಗೆ, ಅವರು ನೋಡುತ್ತಿದ್ದಂತೆ, ತಟ್ಟೆಯಲ್ಲಿ ಒಂದು ತುತ್ತೂ ಬಿಡದೆ ಉಂಡೆ.